ಖಾತುನಬಿಯ ಖಾತೆ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಿಂದ ಗುಡ್ಡದ ಕಡೆಗೆ ಮುಖ ಮಾಡಿ ಹೊರಟರೆ, ಮಗ್ಗಗಳ ಸದ್ದು ಶುರುವಾಗುವ ಓಣಿಯ ಮೂಲೆಯಲ್ಲಿ 'ನಿರ್ಮಲಾ ಲೇಡೀಜ್ ಟೇಲರ್' ಎಂಬ ಬೋರ್ಡು ಕಾಣುತ್ತಿತ್ತು. ಅಂಗಡಿಯೊಳಗೆ ನಿರ್ಮಲಾ ಎಂಬವರು ಯಾರೂ ಇರಲಿಲ್ಲ. ಇದ್ದವಳು ಖಾತುನಬಿ. ಹೊಸ ಗಿರಾಕಿಗಳು 'ನಿರ್ಮಲಕ್ಕಾರ' ಎಂದು ಕರೆದರೆ ಆಕೆ ಒಮ್ಮೆಯೂ ತಿದ್ದಿದವಳಲ್ಲ. ಬಾಯಲ್ಲಿ ಕಚ್ಚಿಕೊಂಡ ದಾರ ತೆಗೆದು 'ಏನವ್ವಾ' ಎಂದು ಓಗೊಡುತ್ತಿದ್ದಳು. ಗಂಡ ಫಕ್ರುಸಾಬ ಗಡಿಯಾರ ರಿಪೇರಿ ಮಾಡುವವನು. 'ಊರ ಮಂದೀದು ಟೈಮ್ ಸರಿ ಮಾಡ್ತೀನಿ, ನನ್ನ ಟೈಮ್ ನೋಡ್ರಿ. ಹೆಂಡತಿ ಅಂಗಡಿಗೆ ನನ್ನ ಹೆಸರಿಲ್ಲ, ಆಕಿ ಹೆಸರೂ ಇಲ್ಲ' ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ನಗುವುದು ಅವನಿಗೆ ಸುಲಭವಿತ್ತು. ಅವನು ಬರುವ ಮುಂಚೆಯೇ ಆ ಹೆಸರು ಅವಳ ಎದೆಯಲ್ಲಿ ಬೋರ್ಡು ಹಾಕಿಕೊಂಡಿತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ನರಗುಂದದಲ್ಲಿ ಹೆಣ್ಣುಮಕ್ಕಳಿಗೆ ಒಂದು ವರ್ಷದ ಹೊಲಿಗೆ ತರಬೇತಿ ನಡೆಯಿತು. ಹದಿನಾಲ್ಕು ಹುಡುಗಿಯರು, ಏಳು ಕೈಮಷೀನು. ಒಂದಕ್ಕೆ ಇಬ್ಬರು: ಒಬ್ಬಳು ಹಿಡಿಕೆ ಹಿಡಿದು ಚಕ್ರ ತಿರುಗಿಸಬೇಕು, ಇನ್ನೊಬ್ಬಳು ಎರಡೂ ಕೈಯಿಂದ ಬಟ್ಟೆ ಸರಿಸಬೇಕು. ತಿರುಗಿಸುವವಳ ಸಿಟ್ಟು, ಹಸಿವು, ಊರಿನಿಂದ ಬಂದ ಸುದ್ದಿ ಎಲ್ಲವೂ ಸರಿಸುವವಳ ಹೊಲಿಗೆಯಲ್ಲಿ ಸೊಟ್ಟಗೆ ಮೂಡುತ್ತಿತ್ತು. ಖಾತುನಬಿಯ ಮಷೀನಿಗೆ ಬಂದವಳು ಚಿಕ್ಕನರಗುಂದದ ನಿರ್ಮಲಾ. ಹತ್ತು ದಿನದಲ್ಲಿ ಇಬ್ಬರ ಹೊಲಿಗೆ ಎಷ್ಟು ನೆಟ್ಟಗಾಯಿತೆಂದರೆ, ಕಲಿಸುವ ಟೀಚರ್ ಬಾಯಿಯವರೇ 'ನೀವಿಬ್ಬರೂ ಒಂದ ಮನಿಗೆ ಸೊಸೆಯಂದಿರಾಗಿ ಹೋಗ್ರಿ' ಎಂದು ಹರಸಿದರು. ಅದು ಆಗುವ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವರು ಒಂದು ಮನೆಯ ಬದಲು ಒಂದು ಅಂಗಡಿಯ ಯೋಚನೆ ಮಾಡಿದರು.

ನಿರ್ಮಲಾಳ ಮದುವೆಯಾಯಿತು. ಗಂಡನ ಮನೆ ಸೊಲ್ಲಾಪುರದ ಕಡೆ. ಖಾತುನಬಿ ವಾರಕ್ಕೊಂದು ಪತ್ರ ಹಾಕಿದಳು. ಹದಿನೆಂಟು ವರ್ಷದ ಹುಡುಗಿ ಹದಿನೆಂಟು ವರ್ಷದ ಹುಡುಗಿಗೆ ಏನು ಬರೆಯುತ್ತಾಳೋ ಅದನ್ನೇ ಬರೆದಳು. ಒಂದರಲ್ಲಿ 'ನಿನ್ನ ಗಂಡ ಗೊರಕಿ ಹೊಡೀತಾನೋ ಸೀಟಿ ಹೊಡೀತಾನೋ' ಎಂದು ಕೇಳಿದಳು. ಆ ಮನೆಯಲ್ಲಿ ಯಾರ ಪತ್ರ ಬಂದರೂ ಮಾವನೇ ಒಡೆದು ಪಡಸಾಲೆಯಲ್ಲಿ ಎಲ್ಲರೆದುರು ಓದುವ ರೂಢಿ. ಮಾವ ಓದಿದ. ಗಂಡ ಕೇಳಿದ. ಮೈದುನರು ನಕ್ಕರು. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು: 'ಇನ್ನ ಪತ್ರ ಹಾಕಬ್ಯಾಡ.' ಹಾಕದೆ ಇರಲಾರದೆ ವರ್ಷದ ಮೇಲೆ ಹಾಕಿದ ಒಂದು ಪತ್ರ, ಮನೆ ಬದಲಾಗಿದೆ ಎಂಬ ಷರಾ ಹೊತ್ತು ವಾಪಸು ಬಂತು. ಅಷ್ಟರಲ್ಲಿ ನಿರ್ಮಲಾಳ ತವರಿನವರೂ ಚಿಕ್ಕನರಗುಂದ ಬಿಟ್ಟಿದ್ದರು. ಅಲ್ಲಿಂದ ಮುಂದೆ ಖಾತುನಬಿಯ ಹತ್ತಿರ ಉಳಿದದ್ದು ಒಂದು ಹೆಸರು. ಅದನ್ನು ಬೋರ್ಡಿಗೆ ಬರೆಸಿದಳು. ಹಾದಿಯಲ್ಲಿ ಹೋಗುವ ನಿರ್ಮಲಾ ಎಂದಾದರೂ ತಲೆ ಎತ್ತಿ ನೋಡಿದರೆ ಗುರುತು ಸಿಗಲಿ ಎಂದು. ಇಪ್ಪತ್ತೆರಡು ವರ್ಷ ಹಾದಿಯಲ್ಲಿ ಬಹಳ ಮಂದಿ ಹೋದರು, ತಲೆಯನ್ನೂ ಎತ್ತಿದರು. ಆದರೆ ಅವರೆಲ್ಲ ಬ್ಲೌಸು ಹೊಲಿಸುವವರು.

ಎರಡು ಸಾವಿರದ ಏಳರಲ್ಲಿ ಪ್ರಭುಲಿಂಗಪ್ಪ ಮಾಸ್ತರರು ತಮ್ಮ ಟೈಪಿಂಗ್ ಕ್ಲಾಸನ್ನು ಇಂಟರ್‌ನೆಟ್ ಸೆಂಟರ್ ಮಾಡಿದರು. ಮೂವತ್ತು ವರ್ಷ ಅವರ ಟೈಪ್‌ರೈಟರುಗಳ ರಿಬ್ಬನ್ನು ತಿಂದ ಇಲಿಗಳ ಮೇಲೆ ಸೇಡು ತೀರಿಸಿಕೊಂಡಂತೆ, ಈಗ ಒಂದೊಂದು ಮೇಜಿನ ಮೇಲೆ ಒಂದೊಂದು ಇಲಿಯನ್ನು ಬಾಲ ಹಿಡಿದು ಕಟ್ಟಿಹಾಕಿದ್ದರು. ಸೆಂಟರಿನ ಪರದೆ ಹೊಲಿಸಲು ಅವರು ಖಾತುನಬಿಯ ಅಂಗಡಿಗೆ ಬಂದಾಗ ಮಾತಿಗೆ ಮಾತು ಬಂತು.

"ಆರ್ಕುಟ್ ಅಂತ ಒಂದು ಬಂದೈತಿ ನೋಡ್ರಿ ಅಕ್ಕಾರ. ಕಳದ ಮಂದಿ ಸಿಗತಾರ."

"ಯಾರ್ ಕುಟ್ಟೋದ್ರಿ?"

"ನಾ ಕುಟ್ಟತೀನಿ, ನೀವು ಹೇಳ್ರಿ. ಮೂವತ್ತು ವರ್ಷ ಅದನ್ನ ಮಾಡೀನಿ."

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಬಿಡುವು. ಆ ಶುಕ್ರವಾರವೇ ಖಾತುನಬಿಗೂ ಒಂದು ಖಾತೆ ತೆರೆಯಿತು. ಮೊದಲು ನಿರ್ಮಲಾ ಎಂದು ಹುಡುಕಿದರು. ದೇಶದ ತುಂಬ ನಿರ್ಮಲಾಗಳು, ಎಲ್ಲರಿಗೂ ಇಪ್ಪತ್ತರ ಪ್ರಾಯ, ಅರ್ಧಕ್ಕರ್ಧ ಜನರ ಮುಖದ ಜಾಗದಲ್ಲಿ ಗುಲಾಬಿ ಹೂವು. ಹುಡುಕಿ ಸಿಗದವಳನ್ನು ಕರೆದು ನೋಡೋಣವೆಂದು ಮಾಸ್ತರರು ಒಂದು ಗುಂಪು ಕಟ್ಟುವ ಸಲಹೆ ಕೊಟ್ಟರು: ನರಗುಂದದಲ್ಲಿ ಹೊಲಿಗೆ ಕಲಿತ ಗೆಳತಿಯರ ಗುಂಪು. ಫಾರ್ಮು ತೆರೆಯಿತು. ಮಾಸ್ತರರು ಕನ್ನಡಕ ಏರಿಸಿದರು.

"ಪ್ರೈವೆಸಿ ಅಂತ ಕೇಳಾಕತ್ತೈತಿ. ಅಂದ್ರ, ಏಕಾಂತ."

"ಹದಿನಾಲ್ಕು ಮಂದಿಗೆ ಎಂಥಾ ಏಕಾಂತ್ರೀ ಮಾಸ್ತರ್ರ?"

"ಹಂಗಲ್ಲ. ಯಾರ ಬೇಕಾದ್ರೂ ಸೀದಾ ಒಳಗ ಬರಬಹುದೋ, ಇಲ್ಲಾ ನೀವು ಬಾ ಅಂದ ಮ್ಯಾಲೆ ಬರಬೇಕೋ?"

"ಬಂದವ್ರನ್ನ ಕಟ್ಟಿ ಮ್ಯಾಲೆ ನಿಂದರಿಸಿ ನೀ ಯಾರಾಕಿ ಅಂತ ಕೇಳೂದೇನ್ರಿ? ಬರಲಿ."

"ಇನ್ನ, ಗುಂಪಿನಾಗ ಇಲ್ಲದವ್ರು ಹೊರಗಿಂದ ಇಣಕಿ ಓದಬಹುದೋ, ಇಲ್ಲೋ?"

"ಓದಲಿ ಬಿಡ್ರಿ. ಹಗಲ ಹೊತ್ತಿನ್ಯಾಗ ಬಾಗಲಾ ಹಾಕಿದ್ರ, ಮನ್ಯಾಗ ಯಾರೋ ಸತ್ತಾರ, ಇಲ್ಲಾ ಗಂಡಾ ಹೆಂಡತಿ ಜಗಳಾ ಹತ್ಯಾರ ಅಂತಾರ ಓಣ್ಯಾಗ. ತಗದ ಇಡ್ರಿ."

ನಮ್ಮ ಊರುಗಳಲ್ಲಿ ಈ ಮಾತಿಗೆ ಎದುರಾಡುವವರಿಲ್ಲ. ಮುಂಬಾಗಿಲು ಮುಂಜಾನೆ ತೆರೆದರೆ ರಾತ್ರಿ ಉಂಡು ಮಲಗುವಾಗ ಹಾಕುವುದು. ಮಾಸ್ತರರಿಗೂ ಅದು ಸರಿ ಕಂಡಿತು. ಎರಡೂ ಕಡೆ 'ತೆರೆದಿದೆ' ಎಂದು ಒತ್ತಿದರು. ಹೀಗೆ, ಕೀಲಿಮಣೆಯ ಮೇಲೆ ಹುಟ್ಟಿದ ಗುಂಪಿಗೆ ಕೀಲಿಯೇ ಇಲ್ಲದಂತಾಯಿತು.

ಮೊದಲ ತಿಂಗಳು ಬಂದವರು ಯಾರೂ ಹೊಲಿಗೆಯವರಲ್ಲ. ಗುಂಪಿನ ಹೆಸರನ್ನೂ ಒಳಗಿನ ಕನ್ನಡ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರಿಂದ, ಹೊಲಿಗೆಯನ್ನು ಹೋಳಿಗೆ ಎಂದು ಓದಿದ ಮೂವತ್ತೇಳು ಮಂದಿ ಹಸಿದು ಸೇರಿದರು. ಬೆಲ್ಲ ಎಷ್ಟು, ಕಡಲೆಬೇಳೆ ಎಷ್ಟು ಎಂದು ಕೇಳಿದರು. ಖಾತುನಬಿ ಸಿಟ್ಟಾಗಲಿಲ್ಲ. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಹೂರಣದ ಅಳತೆಯನ್ನೂ ಬರೆಸಿದಳು. ಆಮೇಲೆ ನಿಜವಾದವರು ಒಬ್ಬೊಬ್ಬರಾಗಿ ಬಂದರು. ರೋಣದ ಉಡಚವ್ವ ಈಗ ಅಂಗನವಾಡಿಯಲ್ಲಿದ್ದಳು. ಅವಳ ಮಾತನ್ನು ಮಗಳು ಬರೆಯುತ್ತಿದ್ದಳು. ನರಗುಂದದ ಕಳಕವ್ವನಿಗೆ ಮನೆಯಲ್ಲೇ ಕಂಪ್ಯೂಟರ್ ಇತ್ತು. ಅಕ್ಷರ ಒಂದೊಂದೇ ಹುಡುಕಿ ತಾನೇ ಕುಟ್ಟುತ್ತಿದ್ದಳು. ಮುಶಿಗೇರಿಯ ಇಬ್ಬರು ಬಂದರು. ದೀಪಾವಳಿಯ ಹೊತ್ತಿಗೆ ಹದಿನಾಲ್ಕರಲ್ಲಿ ಎಂಟು ಮಂದಿ ಕೂಡಿದರು. ಹದಿಮೂರು ಕೂಡಿದರೂ ಖಾತುನಬಿಗೆ ಒಂದು ಕಡಿಮೆಯೇ. ಪ್ರತಿ ಶುಕ್ರವಾರ ಆಕೆ ಬಂದು ಕುರ್ಚಿಯಲ್ಲಿ ಕೂಡುವ ಮುಂಚೆ ಮಾಸ್ತರರು ಹೇಳಿಬಿಡುತ್ತಿದ್ದರು, "ಬಂದಿಲ್ರಿ ಅಕ್ಕಾರ."

"ನಾ ಕೇಳಿದ್ನೇನು?"

"ನಿಮ್ಮ ಚಪ್ಪಲಿ ಕೇಳತಾವ. ಬ್ಯಾರೆ ದಿನಾ ಇಷ್ಟ ಲಗೂ ನಡಿಯೂದಿಲ್ಲ ಅವು."

ಆಕೆ ಬರೆಸುತ್ತಿದ್ದದ್ದು ಹೆಚ್ಚಿನಂಶ ಹೊಲಿಗೆಯ ಮಾತು. ಉಳಿದವರು ಮನೆಯ ಮಾತು ಬರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬಾಯಿಗೆ ಹಾಕಿದ್ದ ಹೊಲಿಗೆ ಬಿಚ್ಚಿದಂತೆ ಬರೆದರು. ಕಳಕವ್ವ ಒಂದು ದಿನ ಬರೆದಳು: 'ನಮ್ಮತ್ತಿ ತೀರಿಕೊಂಡ ಮರುವಾರ ನಾ ಬಿಸಿ ಅನ್ನ ಉಂಡೆ. ಲಗ್ನ ಆದಾಗಿಂದ ಅದ ಮೊದಲು. ಅಳು ಬಂತು, ಆದ್ರ ಅನ್ನ ಆರತೈತಿ ಅಂತ ಉಂಡು ಆಮ್ಯಾಲೆ ಅತ್ತೆ.' ಉಳಿದ ಏಳು ಮಂದಿ ಓದಿ ತಂತಮ್ಮ ಊರಲ್ಲಿ ತಾವೂ ಅತ್ತರು, ನಕ್ಕರು.

ಓದಿದವರು ಏಳೇ ಅಲ್ಲ. ಕಳಕವ್ವನ ಮೈದುನ ತನ್ನ ಗೊಬ್ಬರದ ಅಂಗಡಿಯಲ್ಲಿ ಕೂತು, ಗುಂಪಿಗೆ ಸೇರದೆ, ಬರಿದೆ ಹೆಸರು ಹುಡುಕಿ, ಅದನ್ನು ಓದಿದ. ಅತ್ತೆಯ ವರ್ಷಾಂತಿಕದ ದಿನ ಪಂಕ್ತಿಯಲ್ಲಿ ಎಲ್ಲರೂ ಕೂತಾಗ, ಕಳಕವ್ವ ಅನ್ನ ಬಡಿಸಲು ಬಂದಳು. ಅವನು ಗಟ್ಟಿಯಾಗಿ ಹೇಳಿದ, 'ವೈನಿಗೆ ಮೊದಲ ಬಿಸೀದು ಹಾಕ್ರಿ. ಅದಕ್ಕಾಗೇ ನಮ್ಮವ್ವ ಸಾಯೋದನ್ನ ಕಾಯ್ಕೋತ ಕೂತಿದ್ರಂತ.' ಅನ್ನದ ಬುಟ್ಟಿ ಹಿಡಿದವಳು ಅಲ್ಲೇ ನಿಂತಳಂತೆ. ಗಂಡ ತಲೆ ಎತ್ತಲಿಲ್ಲವಂತೆ.

ಮರುದಿನ ಕಳಕವ್ವನ ಫೋನು ಅಂಗಡಿಗೇ ಬಂತು.

"ಖಾತುನಾ, ನಾ ಅದನ್ನ ಎಲ್ಲಿ ಕುಂತು ಮಾತಾಡಿದ್ನಿ?"

"ನಮ್ಮ ಗುಂಪಿನ್ಯಾಗ."

"ಒಳಮನಿ ಅಂತ ತಿಳಕೊಂಡು ಸೆರಗು ತಗದು ಕೂತಿದ್ನೆಲ್ಲವಾ! ನೀ ನನ್ನ ಬಸ್ ಸ್ಟ್ಯಾಂಡಿನ್ಯಾಗ ಕುಂದರಿಸಿದ್ದಿ."

ಖಾತುನಬಿ ಫೋನು ಕೆಳಗಿಟ್ಟಳು. ಗೊರಕೆಯ ಪತ್ರ ಬರೆದವಳು ತಾನೇ. ಪಡಸಾಲೆಯಲ್ಲಿ ಓದಿಸಿಕೊಂಡು ತಲೆ ತಗ್ಗಿಸಿದವಳು ಗೆಳತಿ. ಈಗ ಎರಡನೆಯ ಸಲ ತನ್ನ ಕೈಯಿಂದಲೇ ಇನ್ನೊಬ್ಬಳು. ಅಂದು ಶುಕ್ರವಾರವಲ್ಲ, ಆದರೂ ಅಂಗಡಿಯನ್ನು ಹಾಗೇ ಬಿಟ್ಟು ಮಾಸ್ತರರ ಮುಂದೆ ಹೋಗಿ ನಿಂತಳು.

"ಬಾಗಲಾ ಹಾಕ್ರಿ."

"ಯಾವುದು?"

"ಎಲ್ಲಾ. ನಾ ಬಾ ಅನ್ನೋತನಕಾ ಯಾರೂ ಬರಬಾರದು. ಹೊರಗ ನಿಂತು ಯಾರೂ ಇಣಕಬಾರದು."

ಮಾಸ್ತರರು ಎರಡೂ ಕಡೆ ಬದಲಿಸಿದರು. ಹೋಳಿಗೆಯವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿದರು. ಹುಬ್ಬಳ್ಳಿಯ ಒಬ್ಬಾಕೆ ತನ್ನನ್ನು ಯಾಕೆ ತೆಗೆದಿರಿ, ತಾನು ಎಣ್ಣೆ ಹೋಳಿಗೆಯ ಗುಟ್ಟನ್ನು ಇನ್ನೂ ಹೇಳಿಯೇ ಇರಲಿಲ್ಲ ಎಂದು ಆಮೇಲೆ ದೂರು ಬರೆದಳು.

"ಇಷ್ಟ ದಿನಾ ಹೊರಗಿಂದ ಯಾರ್ಯಾರು ನೋಡ್ಯಾರ ಅಂತ ತಿಳೀತೈತೇನ್ರಿ?" ಎಂದು ಖಾತುನಬಿ ಕೇಳಿದಳು.

"ಒಳಗ ಬಂದವ್ರ ಹೆಸರು ಇರತಾವ. ಇಣಕಿ ಹೋದವ್ರ ಗುರುತು ಉಳಿಯೂದಿಲ್ರಿ."

ಬಾಗಿಲು ಹಾಕಿದ ಮೇಲೆ ಮೂರು ವಾರಕ್ಕೆ ಕಳಕವ್ವ ಮತ್ತೆ ಮಾತಾಡಿದಳು. ಮೊದಲು ಒಂದು ಸಾಲು, ಆಮೇಲೆ ಹತ್ತು. ಒಳಮನೆಯ ಮಾತು ಒಳಮನೆಯಲ್ಲೇ ಉಳಿಯಿತು. ಖಾತುನಬಿಗೆ ಒಂದು ತಪ್ಪು ಸರಿಪಡಿಸಿದ ಸಮಾಧಾನವಾಯಿತು. ಆರನೆಯ ವಾರ ಮುಗಿಯುವಾಗ ಪೋಸ್ಟ್‌ಮನ್ ಪರಶಪ್ಪ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ.

"ಬೀ, ನಿಮಗೊಂದು ಬಂದೈತಿ. ಕಾರ್ಡ್ ಅಲ್ಲ, ಲಕೋಟಿ. ಹಿಂಗಾಗಿ ಏನ ಬರದಾರೋ ನನಗ ಗೊತ್ತಿಲ್ಲ," ಎಂದು ಬೇಜಾರಿನಿಂದ ಹೇಳಿದ.

ಮುದ್ರೆ ಅರ್ಧ ಅಳಿಸಿತ್ತು. ಸೊಲ್ಲಾಪುರ ಎಂಬುದಷ್ಟೇ ಓದಲು ಬರುತ್ತಿತ್ತು. ಕಳಿಸಿದವರ ವಿಳಾಸ ಇರಲಿಲ್ಲ. ಒಳಗೆ ಹರಿದ ನೋಟುಬುಕ್ಕಿನ ಎರಡು ಹಾಳೆ.

'ಖಾತೂ, ನಾ ನಿರ್ಮಲಾ. ಹೋದ ಶ್ರಾವಣದಿಂದ ನಾ ನಿನ್ನ ಗುಂಪು ಕೇಳಾಕತ್ತೀನಿ. ಓದಾಕತ್ತೀನಿ ಅನ್ನಾಕ ಬರೂದಿಲ್ಲ. ನಮ್ಮ ಓಣ್ಯಾಗ ಒಬ್ಬ ಮರಾಠಿ ಟೀಚರಬಾಯಿ ಅದಾರ, ಅವರ ಮನ್ಯಾಗ ಕಂಪ್ಯೂಟರ್ ಐತಿ. ಶನಿವಾರ ಹಪ್ಪಳಾ ಲಟ್ಟಿಸಿ ಕೊಡಾಕ ಹೋಗತೀನಿ. ಒಂದ ದಿನಾ ನಮ್ಮ ನರಗುಂದ ಹುಡುಕಿ ನೋಡ್ರಿ ಅಂದಿದ್ನಿ, ನಿಮ್ಮ ಗುಂಪು ಸಿಕ್ಕಿತು. ನನಗ ಇಂಗ್ಲೀಷ ಅಕ್ಷರ ಬರೂದಿಲ್ಲ. ಅವರಿಗೆ ಕನ್ನಡಾ ತಿಳಿಯೂದಿಲ್ಲ. ಅವರು ಅಕ್ಷರ ಕೂಡಿಸಿ ಓದತಾರ, ಏನ ಓದಿದ್ನಿ ಅಂತ ಅವರಿಗೆ ಗೊತ್ತಾಗೂದಿಲ್ಲ. ನಾ ಕೇಳತೀನಿ, ನನಗ ಎಲ್ಲಾ ಗೊತ್ತಾಗತೈತಿ. ಒಬ್ಬಾಕಿ ಹಿಡಿಕಿ ತಿರವತಾಳ, ಒಬ್ಬಾಕಿ ಹೊಲೀತಾಳ. ಕಳಕವ್ವನ ಬಿಸಿ ಅನ್ನ ಕೇಳಿ ನಾ ಲಟ್ಟಣಗಿ ಕೆಳಗಿಟ್ಟೆ. ಟೀಚರಬಾಯಿ ಏನಾತು ಅಂತ ಕೇಳಿದರು. ಕಣ್ಣಾಗ ಖಾರ ಹೋತು ಅಂದೆ.

'ಈಗ ಐದು ವಾರ ಆತು, ಬಂದ್ ಆಗೇದ ಅಂತಾರ. ನೀ ಬೇಕಂತ ಹಾಕಿಲ್ಲ ಅಂತ ಗೊತ್ತೈತಿ. ನಾ ಹೊರಗ ಕುಂತೀನಿ ಅನ್ನೂದ ನಿನಗ ಗೊತ್ತಿರಲಿಲ್ಲ. ಒಳಗ ಬಾ ಅಂತಿ. ಹೆಸರು ಹಾಕಿ ಬಂದ್ರ ಮನ್ಯಾಗ ಗೊತ್ತಾಗತೈತಿ. ನಮ್ಮ ಮಾವ ಹೋದರು, ಅವರ ಚಾಳಿ ಹೋಗಿಲ್ಲ. ಅದಕ್ಕ ವಿಳಾಸ ಬರದಿಲ್ಲ. ಫೋನ್ ಪಡಸಾಲ್ಯಾಗ ಐತಿ. ನೀ ಏನೂ ಮಾಡಬ್ಯಾಡ. ಕೇಳಕೋತ ಇದ್ನಿ ಅಂತ ಹೇಳಾಕ ಬರದೆ, ಅಷ್ಟ.

'ಮತ್ತ, ಕಟೋರಿ ಬ್ಲೌಸಿನ ಎದಿ ಬಟ್ಟಲಾ ನೆಟ್ಟಗಿನ ಎಳಿ ಮ್ಯಾಲೆ ಕತ್ತರಸ್ರಿ ಅಂತ ಬರಸಿದ್ದಿ. ತಪ್ಪು. ಓರೆ ಕತ್ತರಸಬೇಕು. ಇಷ್ಟು ವರ್ಷ ಆದ್ರೂ ನಿನ್ನ ಕತ್ತರಿಗೆ ಬುದ್ಧಿ ಬಂದಿಲ್ಲ.'

ಖಾತುನಬಿ ಪತ್ರವನ್ನು ಮೂರು ಸಲ ಓದಿದಳು. ಆಮೇಲೆ ಕಾಲುಮಷೀನಿನ ಮೇಲೆ ಸುಮ್ಮನೆ ಕಾಲಾಡಿಸಿದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಆರು ತಿಂಗಳು ಶನಿವಾರಕ್ಕೊಮ್ಮೆ ನಿರ್ಮಲಾ ಆ ಬಾಗಿಲ ಹೊರಗೆ ಕೂತಿದ್ದಳು. ಶುಕ್ರವಾರ ತಾನು ಬಿಟ್ಟು ಬಂದ ಮಾತು ಮರುದಿನವೇ ಅವಳ ಕಿವಿ ಸೇರಿತ್ತು. ಬೇರೆಯವರ ಮಾನ ಕಾಯಲು ಹಾಕಿದ ಅಗಳಿ, ಹುಡುಕುತ್ತಿದ್ದವಳನ್ನೇ ಹೊರಗಿಟ್ಟು ಬಿದ್ದಿತ್ತು.

"ಬಾಗಲಾ ತಗೀರಿ ಮಾಸ್ತರ್ರ, ಈಗಿಂದೀಗ ತಗೀರಿ!" ಎನ್ನುತ್ತಲೇ ಸೆಂಟರಿನೊಳಗೆ ಹೋದಳು.

"ಕಳಕವ್ವಾರಿಗೆ ಏನ ಹೇಳತೀರಿ?"

ಕಳಕವ್ವನಿಗೆ ಫೋನು ಹಚ್ಚಿದಳು. ಎಲ್ಲ ಹೇಳಿದಳು. ಆಮೇಲೆ ಕಳಕವ್ವ, "ನಿರ್ಮಲಾ ನನಗೂ ಬೇಕವಾ. ತಗಿ. ಆದ್ರ ಮೊದಲ ನಾ ಬರದದ್ದನ್ನೆಲ್ಲಾ ಅಳಸಿ ಬಿಡು, ನನ್ನ ಹೆಸರನೂ ತಗದುಬಿಡು. ನಾ ಇನ್ನ ಮಾತಾಡೂದಿಲ್ಲ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ಖಾತುನಬಿ ತಾನೂ ಎರಡು ಮಾತಾಡುತ್ತಿದ್ದಳು. ಸಿಟ್ಟಿರಲಿಲ್ಲ.

"ಒಬ್ಬಾಕಿಗಷ್ಟ ಕಾಣೂ ಹಂಗ ಮಾಡಾಕ ಬರತೈತೇನ್ರಿ?" ಎಂದು ಮಾಸ್ತರರನ್ನು ಕೇಳಿದಳು.

"ಹೆಸರ ಇದ್ದವ್ರಿಗೆ ಚಾವಿ ಕೊಡಬಹುದು. ಹೆಸರ ಇಲ್ಲದವ್ರಿಗೆ ಹ್ಯಾಂಗ ಕೊಡ್ತೀರಿ ಅಕ್ಕಾರ? ಇದ್ರಾಗ ಎರಡ ಅದಾವ, ಎಲ್ಲಾರೂ, ಇಲ್ಲಾ ನಮ್ಮವ್ರು. ನಮ್ಮವ್ರಾಗಿಯೂ ಹೊರಗ ಇರೋವ್ರಿಗೆ ಅಂತ ಒಂದು ಇಟ್ಟಿಲ್ಲ."

ಎರಡು ದಿನ ಅಂಗಡಿಯಲ್ಲಿ ಅಳತೆಗಳು ಅದಲುಬದಲಾದವು. ಒಬ್ಬರ ಸೊಂಟ ಇನ್ನೊಬ್ಬರ ಎದೆಗೆ ಹೋಯಿತು. ಮೂರನೆಯ ದಿನ ಫಕ್ರುಸಾಬನಿಗೆ ಚಹ ಕೊಡುತ್ತ, ಅವನು ಕೇಳದಿದ್ದರೂ ಹೇಳಿದಳು, "ಒಳಮನಿ ಒಳಮನಿನ ಇರಲಿ. ನಾ ಮುಂದ ಒಂದು ಪಡಸಾಲಿ ಕಟ್ಟತೀನಿ."

"ಜಾಗಾ ಎಲ್ಲೈತಿ?" ಎಂದು ಫಕ್ರುಸಾಬ ಗಾಬರಿಯಾದ.

ಮುಂದಿನ ಶುಕ್ರವಾರ ಎರಡನೆಯ ಗುಂಪು ಹುಟ್ಟಿತು. ಅದಕ್ಕೆ ಬಾಗಿಲೇ ಇಲ್ಲ; ಯಾರೂ ಬರಬಹುದು, ಬರದೆಯೂ ಓದಬಹುದು. ಬರೆಯುವವಳು ಖಾತುನಬಿ ಒಬ್ಬಳೇ. ಹಳೆಯ ಗುಂಪಿನ ಹೆಸರಿನ ಬೋರ್ಡು ಮಾತ್ರ ಹೊರಗಿನವರಿಗೂ ಕಾಣುತ್ತಿತ್ತು. ಅದರ ಕೆಳಗೆ ಮಾಸ್ತರರು ಒಂದು ಸಾಲು ಕುಟ್ಟಿದರು: 'ಹೊರಗ ನಿಂತವರು ಬಾಜೂಕ ಬರ್ರಿ, ಅಲ್ಲೆ ಕುಂದರಾಕ ಜಾಗಾ ಐತಿ.'

ಪಡಸಾಲೆ ಕಟ್ಟಿದ್ದಾಯಿತು, ಈಗ ಅಲ್ಲಿ ಏನು ಮಾತಾಡುವುದು? ನಿರ್ಮಲಾ ಎನ್ನುವಂತಿಲ್ಲ. ಪತ್ರ ಮುಟ್ಟಿತು ಎನ್ನುವಂತಿಲ್ಲ. ನೆನಪಾಗುತ್ತೀ ಎಂದರೆ ಯಾರಿಗೆ ಎಂದು ಊರು ಕೇಳುತ್ತದೆ. ಉಳಿದದ್ದು ಹೊಲಿಗೆ. 'ಕಟೋರಿ ಓರೆ ಕತ್ತರಸಬೇಕು, ಬಲ್ಲವರು ಹೇಳ್ಯಾರ, ನಾ ತಪ್ಪು ಹೇಳಿದ್ದೆ' ಎಂದು ಮೊದಲ ವಾರ ಬರೆಸಿದಳು. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಎರಡನೆಯ ವಾರ, ಹಳೆ ಬ್ಲೌಸಿನ ಹೊಲಿಗೆ ಬಿಚ್ಚುವಾಗ ಒಮ್ಮೆಲೇ ಎಳೆಯಬೇಡಿ, ಬಟ್ಟೆಗೆ ನೋವಾಗುತ್ತದೆ. ಮೂರನೆಯ ವಾರ, ಒಂದೇ ಥಾನಿನ ಬಟ್ಟೆಯಲ್ಲಿ ಕತ್ತರಿಸಿದ ಎರಡು ತುಂಡು ಎಷ್ಟು ವರ್ಷ ಬೇರೆ ಇದ್ದರೂ ಬಣ್ಣ ಕೂಡುತ್ತದೆ, ಆದರೆ ಯಾವುದನ್ನೂ ಬಿಸಿಲಿಗೆ ಹಾಕಿರಬಾರದು. ಮಾಸ್ತರರು ಕುಟ್ಟುತ್ತ ಕುಟ್ಟುತ್ತ ಕನ್ನಡಕ ಒರೆಸಿಕೊಂಡರು.

"ಅಕ್ಕಾರ, ಇದು ಟೇಲರಿಂಗ್ ಅಲ್ರಿ."

"ಮತ್ತೇನ್ರಿ?"

"ಏನೋ. ನಾ ಬರೇ ಟೈಪಿಸ್ಟ್."

ಎಂಟು ವಾರ ಹೋಯಿತು. ಯಾರೋ ಓದುತ್ತಿದ್ದರು, ಅಥವಾ ಯಾರೂ ಓದುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತದೆ. ಶನಿವಾರ ಬಂದರೆ ಖಾತುನಬಿಯ ಕೈ ಕೆಲಸದ ನಡುವೆ ನಿಲ್ಲುತ್ತಿತ್ತು. ಈಗ ಹಪ್ಪಳ ಲಟ್ಟಿಸುತ್ತಿರಬಹುದು. ಈಗ ಟೀಚರಬಾಯಿ ಅಕ್ಷರ ಕೂಡಿಸುತ್ತಿರಬಹುದು. ಅಥವಾ ಟೀಚರಬಾಯಿಗೆ ವರ್ಗವಾಗಿ, ಆ ಓಣಿಯಲ್ಲಿ ಕಂಪ್ಯೂಟರೇ ಇಲ್ಲದಿರಬಹುದು. ಪರಶಪ್ಪನ ಸೈಕಲ್ ದಿನವೂ ಓಣಿಗೆ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ.

"ಹೆಸರ ಹೇಳದ ಒಂದ ಮಾತು ಬರಿಯಾಕ ಬರತೈತೇನ್ರಿ? 'ಹೂಂ' ಅಂದ್ರ ಸಾಕು," ಎಂದು ಒಂದು ದಿನ ಕೇಳಿದಳು.

ಮಾಸ್ತರರು ಸೆಟ್ಟಿಂಗಿನ ಪುಟ ತೆರೆದು ಕೆಳಗೆ ಕೆಳಗೆ ಹೋದರು. ತಾವು ಇಷ್ಟು ದಿನ ಓದದೆ ಬಿಟ್ಟಿದ್ದ ಒಂದು ಚೌಕ ಅಲ್ಲಿತ್ತು. ಅದನ್ನು ಒತ್ತಿದರೆ ಯಾರು ಬೇಕಾದರೂ ಅನಾಮಿಕರಾಗಿ ಬರೆಯಬಹುದು. ಯಾರು ಬರೆದರೆಂದು ಗುಂಪಿನ ಒಡತಿಗೂ ಕಾಣುವುದಿಲ್ಲ.

"ಒತ್ತಲೇನ್ರಿ? ಬೈಯೋವ್ರಿಗೂ ಇದ ಬಾಗಲಾ, ನೆನಪಿರಲಿ."

"ಒತ್ರಿ."

ಆದರೆ ಬಾಗಿಲು ತೆರೆದ ಮಾತ್ರಕ್ಕೆ ನಿರ್ಮಲಾ ಬಾಯಿ ತೆರೆಯುವವಳಲ್ಲ. 'ನೀ ಏನೂ ಮಾಡಬ್ಯಾಡ' ಎಂದು ಬರೆದವಳು ಆಕೆ. ಆ ಪತ್ರದಲ್ಲಿ ಅವಳು ತಡೆಯಲಾರದೆ ಬರೆದದ್ದು ಒಂದೇ, ಕಟೋರಿಯ ತಪ್ಪು. ಹೊಲಿಗೆ ಬಲ್ಲವಳು ಹಸಿವು ತಡೆದಾಳು, ಅವಮಾನ ನುಂಗಿಯಾಳು. ಕಣ್ಣೆದುರು ಯಾರಾದರೂ ಬಟ್ಟೆಯನ್ನು ತಪ್ಪು ಕತ್ತರಿಸುತ್ತಿದ್ದರೆ ಸುಮ್ಮನಿರಲಾರಳು. ಖಾತುನಬಿ ಆ ಶುಕ್ರವಾರ ಬಹಳ ಯೋಚಿಸಿ ಬರೆಸಿದಳು:

'ಬ್ಲೌಸಿನ ಎರಡೂ ತೋಳನ್ನ ಕತ್ತರಸುವಾಗ ಅರಿವಿ ಮಡಚಬ್ಯಾಡ್ರಿ. ಮೊದಲ ಒಂದು ತೋಳು ಕತ್ತರಸ್ರಿ. ಆಮ್ಯಾಲೆ ಅಳತಿ ಕಾಗದಾ ಹೊಳ್ಳಿಸದ, ಅದ ಮಗ್ಗಲಕ್ಕ ಇಟ್ಟು ಎರಡನೇದು ಕತ್ತರಸ್ರಿ.'

"ಇದು ಸರಿ ಐತೇನ್ರಿ?" ಎಂದರು ಮಾಸ್ತರರು.

"ಹಂಗ ಮಾಡಿದ್ರ ಎರಡೂ ಎಡಗೈ ತೋಳ ಆಗತಾವ. ತರಬೇತಿಯೊಳಗ ಮೊದಲ ದಿನಾ ಬೈಸಿಕೊಳ್ಳೂ ತಪ್ಪು ಇದು."

"ಮತ್ತ ಬರೀರಿ ಅಂತೀರಿ?"

"ಬರೀರಿ. ನನ್ನ ಹೆಸರ ಕೆಡತೈತಿ, ಕೆಡಲಿ. ಬೋರ್ಡಿಗೆ ಹ್ಯಾಂಗೂ ನನ್ನ ಹೆಸರಿಲ್ಲ."

ಆ ವಾರ ಏಳು ದಿನವಲ್ಲ, ಎಪ್ಪತ್ತು ದಿನ ಇತ್ತು. ಶುಕ್ರವಾರ ಆಕೆ ಒಳಗೆ ಬಂದಾಗ ಮಾಸ್ತರರು 'ಬಂದಿಲ್ರಿ' ಎನ್ನಲಿಲ್ಲ. ಕುರ್ಚಿ ಸರಿಸಿ ಕೊಟ್ಟರು.

"ಬಂದಾರ್ರಿ. ಆದ್ರ ಏಳು ಮಂದಿ ಬಂದಾರ."

ಏಳು ಅನಾಮಿಕರು. ಒಬ್ಬರು: 'ತಪ್ಪು.' ಇನ್ನೊಬ್ಬರು: 'ಎರಡೂ ಎಡಗೈ ಆಗ್ತಾವಲ್ರಿ ಬಾಯಾರ.' ಮತ್ತೊಬ್ಬರು, ನಿಮ್ಮಂಥವರು ಕಲಿಸಲು ಕೂತರೆ ನಾಡಿನ ಹೆಣ್ಣುಮಕ್ಕಳ ಗತಿ ಏನು ಎಂದು ಅರ್ಧ ಪುಟ. ಒಬ್ಬರು ಬರೇ ನಕ್ಕಿದ್ದರು. ಮೂರು ಮಂದಿಯ ಅಕ್ಷರ ಜೋಡಣೆ ಮರಾಠಿ ಮಾತಾಡುವವರದರಂತಿತ್ತು. ಗಡಿಯ ಆಚೆ ಈಚೆ ಅಂಥವರು ಸಾವಿರ ಮಂದಿ. ಯಾರ ಹೆಸರೂ ಇಲ್ಲ, ಊರೂ ಇಲ್ಲ. ತಾನೇ ಕೇಳಿ ಒತ್ತಿಸಿದ ಚೌಕ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ನಿರ್ಮಲಾಳನ್ನು ಅವಳ ಮನೆಯವರಿಂದ ಬಚ್ಚಿಟ್ಟಿತ್ತು, ಖಾತುನಬಿಯಿಂದಲೂ.

ಖಾತುನಬಿ ಏಳನ್ನೂ ಎರಡೆರಡು ಸಲ ಓದಿಸಿದಳು. 'ತಪ್ಪು' ಎಂಬ ಒಂದೇ ಮಾತಿನದು ಅವಳದ್ದಿರಬಹುದು ಎಂದಳು. ಆಮೇಲೆ, ಇಲ್ಲ, ನಕ್ಕವಳೇ ಇರಬಹುದು ಎಂದಳು. ಅರ್ಧ ಪುಟ ಬೈದದ್ದೂ ಅವಳಿಗೆ ಒಪ್ಪುತ್ತಿತ್ತು.

"ಯಾವುದಕ್ಕ ಉತ್ತರ ಬರೀಲಿ?" ಎಂದು ಮಾಸ್ತರರು ಕೇಳಿದರು.

"ಎಲ್ಲಾದಕ್ಕೂ ಬರೀರಿ."

"ಏಳೂ ಮಂದಿಗೆ?"

"ಒಬ್ಬಾಕಿನ್ನ ಬಿಟ್ಟು, ಆಕೀನ ಆಕಿ ಆಗಿದ್ರ? ಬರೀರಿ ಮಾಸ್ತರ್ರ. 'ಖರೇ, ನಂದು ತಪ್ಪಾತು. ನೀ ಹೇಳಿದ್ದು ಚಲೋ ಆತು. ಆರಾಮ ಅದೀಯಲಾ?'"

ಮಾಸ್ತರರು ಏಳು ಸಲ ಕುಟ್ಟಿದರು. ಒಂದನ್ನು ಕುಟ್ಟಿ ಉಳಿದ ಆರಕ್ಕೆ ಅದನ್ನೇ ಎತ್ತಿ ಅಂಟಿಸುವ ಉಪಾಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಟಿಸಲಿಲ್ಲ. ಪ್ರತಿಯೊಂದನ್ನೂ ಖಾತುನಬಿ ಪಕ್ಕದಲ್ಲಿ ಕೂತು ಬೇರೆ ಬೇರೆಯಾಗಿ ಹೇಳಿದಳು, ಮೊದಲ ಸಲ ಹೇಳುವಂತೆ.

ಮುಂದಿನ ಶುಕ್ರವಾರ ನಾಲ್ಕು ಮರುಮಾತು ಬಂದಿದ್ದವು. ಒಂದರಲ್ಲಿ, 'ನಾ ಗಂಡಸು ಅದೀನ್ರಿ, ಕೊಪ್ಪಳದಾಗ ಟೇಲರ್. ನನ್ನ ಇಷ್ಟ ಪ್ರೀತಿಲೆ ಯಾರೂ ಕೇಳಿರಲಿಲ್ಲ. ಆರಾಮ ಅದೀನಿ' ಎಂದಿತ್ತು. ಖಾತುನಬಿ ನಗುತ್ತ ಕಣ್ಣು ಒರೆಸಿಕೊಂಡಳು. ಉಳಿದ ಮೂರರಲ್ಲೂ ಹೆಚ್ಚು ಕಡಿಮೆ ಒಂದೇ ಮಾತು, 'ಆರಾಮ ಅದೀನಿ' ಎಂದು. ಒಂದರಲ್ಲಿ ಅದರ ಮುಂದೆ ಇನ್ನೊಂದು ಪದವಿತ್ತು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಮಾಸ್ತರರು ಮೂವತ್ತು ವರ್ಷದ ಅನುಭವವನ್ನೆಲ್ಲ ಹಚ್ಚಿದರೂ ಒಡೆಯಲಿಲ್ಲ. 'ನೀನು' ಇರಬಹುದು, 'ನೀ ಹೆಂಗ' ಇರಬಹುದು, ಬರೇ ಬೆರಳು ಜಾರಿದ್ದಿರಬಹುದು.

"ಇದಕ್ಕ ಏನಂತ ಬರೀಲಿ ಅಕ್ಕಾರ?"

ಖಾತುನಬಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ನಾನೂ ಆರಾಮ ಅಂತ ಬರೀರಿ. ಮುಂದಿನ ವಾರ ಕಾಲರ್ ಹಚ್ಚೂದು ತಪ್ಪು ಹೇಳಿಕೊಡತೀನಿ ಅಂತನೂ ಬರೀರಿ."